ಉಂಗುರ ತಿಕ್ಕುವುದಾದರೆ ಹರಳಿನ ಬೆನ್ನು ತಿಕ್ಕಿ

ನಿಶ್ಚಿತಾರ್ಥದ ವಜ್ರದುಂಗುರ ವರ್ಷ ತುಂಬುವುದರೊಳಗೆ ಮಂಕಾಯಿತೆಂದರೆ ನಮ್ಮಲ್ಲಿ ಬಹಳ ಮಂದಿ ಮೊದಲು ಹುಡುಕುವುದು ಟೂತ್‌ಪೇಸ್ಟ್. ಹರಳಿನ ತಲೆಯ ಮೇಲೆ ಗಸಗಸ ತಿಕ್ಕುತ್ತಾರೆ. ವಜ್ರಕ್ಕೆ ಅದರಿಂದ ಏನೂ ಆಗುವುದಿಲ್ಲ, ಬಂಗಾರಕ್ಕೆ ಮಾತ್ರ ಗೀರು ಬೀಳುತ್ತದೆ. ಮಂಕು ಇದ್ದಲ್ಲೇ ಇರುತ್ತದೆ, ಏಕೆಂದರೆ ಕೊಳೆ ಕೂತಿರುವುದು ಹರಳಿನ ಕೆಳಗೆ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಗಣಿಗಳಲ್ಲಿ ಗ್ರೀಸ್ ಬಳಿದ ಹಲಗೆಯ ಮೇಲೆ ಪುಡಿಗಲ್ಲನ್ನು ನೀರಿನೊಂದಿಗೆ ಹರಿಸಿ ವಜ್ರ ಹಿಡಿಯುತ್ತಿದ್ದದ್ದೂ ಇದೇ ಗುಣದಿಂದ. ಮೇಲಿಂದ ಒಳಹೊಕ್ಕ ಬೆಳಕು ಕೆಳಗಿನ ಮುಖಗಳಿಗೆ ಬಡಿದು ತಿರುಗಿ ಬಂದರೆ ಹೊಳಪು. ಅಲ್ಲಿ ಎಣ್ಣೆ, ಕ್ರೀಮು, ಜೋಳದ ಹಿಟ್ಟು ಮೆತ್ತಿಕೊಂಡರೆ ಬೆಳಕು ಸೋರಿಹೋಗುತ್ತದೆ.

ನೀರಿಗೆ ಹಾಕುವ ಮುಂಚೆ ಉಂಗುರವನ್ನು ತಿರುವಿ ನೋಡಿ. ಹರಳಿನ ಹಿಂದೆ ತೆರೆದಿದ್ದು, ಅದು ವಜ್ರವೋ ಮಾಣಿಕ್ಯವೋ ನೀಲವೋ ಆಗಿದ್ದರೆ ತೊಂದರೆಯಿಲ್ಲ. ಕುಂದಣದಂತೆ ಹಿಂಬದಿ ಮುಚ್ಚಿದ್ದರೆ ನೆನೆಹಾಕಬೇಡಿ; ಒಳಗಿನ ತೆಳುಹಾಳೆಗೆ ನೀರು ಹೊಕ್ಕರೆ ಹರಳು ಕಪ್ಪಾಗುತ್ತದೆ, ಎಷ್ಟು ತೊಳೆದರೂ ಸರಿಹೋಗುವುದಿಲ್ಲ. ಮುತ್ತು, ಹವಳ ಮೃದು. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ನಿಂಬೆ-ಹುಣಸೆಹುಳಿ ಹತ್ತಿರ ತರಬೇಡಿ. ಪಚ್ಚೆಯ ಬಿರುಕುಗಳಿಗೆ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ, ಬಿಸಿನೀರಿಗೆ ಅದು ಹೊರಟುಹೋಗುತ್ತದೆ. ಅಂಟು ಹಚ್ಚಿ ಕೂರಿಸಿದ ಅಗ್ಗದ ಅಮೆರಿಕನ್ ಡೈಮಂಡ್ ಉಂಗುರಕ್ಕೂ ನೆನೆಸುವುದು ಬೇಡ.

ಬಟ್ಟಲಲ್ಲಿ ಒಂದು ಲೋಟ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ, ಅರ್ಧ ಗಂಟೆ ನೆನೆ. ಮೈಸೋಪು ಬೇಡ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಅದು ಬಿಳಿ ಕೆನೆಯಾಗಿ ಹರಳಿನ ಸಂದಿಯಲ್ಲಿ ಕೂರುತ್ತದೆ.

ಈಗ ನಿಜವಾದ ಕೆಲಸ. ಮಕ್ಕಳ ಬ್ರಷ್, ಅದೂ ಅತಿ ಮೆತ್ತಗಿನದು, ಹೊಸದು. ಹಲ್ಲುಜ್ಜಿ ಬಿಟ್ಟ ಹಳೇ ಬ್ರಷ್‌ನಲ್ಲಿ ಪೇಸ್ಟಿನ ಪುಡಿ ಉಳಿದಿರುತ್ತದೆ. ಉಂಗುರವನ್ನು ಬಟ್ಟಲಿನೊಳಗೇ, ನೀರಿನ ಅಡಿಯಲ್ಲಿ, ಹರಳು ಕೆಳಮುಖವಾಗಿ ಹಿಡಿಯಿರಿ. ಬೆರಳು ತೂರುವ ಬಳೆಯೊಳಗಿನಿಂದ ಬ್ರಷ್ ತೂರಿಸಿ ಹರಳಿನ ಬೆನ್ನಿಗೆ ಮುಟ್ಟಿಸಿ, ಒತ್ತದೆ, ಸಣ್ಣ ಸುತ್ತು ಹಾಕುತ್ತ ತಿಕ್ಕಿ. ಬ್ರಷ್ ಹೋಗದ ಸಂದಿಗೆ ನೆನೆಸಿದ ಮರದ ಟೂತ್‌ಪಿಕ್ ಸರಿ. ಪಿನ್ನು, ಸೂಜಿ ಹಾಕಿದವರು ಹರಳು ಹಿಡಿದ ಹಲ್ಲನ್ನೇ ಎಬ್ಬಿಸಿಬಿಡುತ್ತಾರೆ. ಆಮೇಲೆ ಆ ಹಲ್ಲುಗಳ ಬುಡ, ಕೊನೆಗೆ ಹರಳಿನ ಮೇಲ್ಮೈ. ನೀರು ಬೂದುಬಣ್ಣಕ್ಕೆ ತಿರುಗಿದರೆ ಬದಲಿಸಿ ಇನ್ನೊಮ್ಮೆ. ಇನ್ನೂ ಜಿಡ್ಡು ಬಿಡದಿದ್ದರೆ ಜೋರಾಗಿ ತಿಕ್ಕಬೇಡಿ, ಮತ್ತೆ ಅರ್ಧ ಗಂಟೆ ನೆನೆಯಲಿ. ಅಡಿಗೆ ಸೋಡಾ, ಪಾತ್ರೆ ಪುಡಿ, ಬೂದಿ ಯಾವುದೂ ಬೇಡ.

ಬ್ಲೀಚಿಂಗ್ ಪುಡಿಯಂತೂ ಮುಟ್ಟಲೇಬೇಡಿ. ವಜ್ರದುಂಗುರ ಹೆಚ್ಚಾಗಿ 18 ಕ್ಯಾರೆಟ್‌ನದು: ಬಂಗಾರ 75 ಪಾಲು, ಉಳಿದ 25 ಪಾಲು ತಾಮ್ರ, ಬೆಳ್ಳಿಯಂಥ ಬೇರೆ ಲೋಹ. ಬ್ಲೀಚಿಂಗ್ ಪುಡಿಯಲ್ಲಿರುವ ಕ್ಲೋರಿನ್ ಆ ಬೇರೆ ಲೋಹವನ್ನು ತಿನ್ನುತ್ತದೆ. ಹೊರಗೆ ಏನೂ ಕಾಣದಿದ್ದರೂ ಒಂದು ದಿನ ಹಲ್ಲು ಪಟ್ಟನೆ ಮುರಿಯುತ್ತದೆ. ಬಚ್ಚಲು ತೊಳೆಯುವಾಗ, ಈಜುಕೊಳಕ್ಕೆ ಇಳಿಯುವಾಗ ಉಂಗುರ ತೆಗೆದಿಡಿ.

ತೊಳೆದದ್ದನ್ನು ನಳದ ಕೆಳಗೆ ಹಿಡಿಯಬೇಡಿ, ಸೋಪಿನ ಕೈಯಿಂದ ಜಾರಿ ಮೋರಿ ಸೇರುತ್ತದೆ. ಚಹಾ ಸೋಸುವ ಜರಡಿಯಲ್ಲಿಟ್ಟು ಮೇಲೆ ನೀರು ಹಾಕಿ. ಕೊನೆಯ ಸಲ ಕುಡಿಯುವ ಆರ್‌ಒ ಫಿಲ್ಟರ್ ನೀರಾದರೆ ಬಿಳಿ ಕಲೆ ಅಷ್ಟಾಗಿ ಉಳಿಯುವುದಿಲ್ಲ. ಹಳೇ ಧೋತರದ ತುಂಡಿನಿಂದ ಒತ್ತಿ ಒರೆಸಿ. ಟಿಶ್ಯೂ ಪೇಪರಿನ ನಾರು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಒಣಗಿದ ಮೇಲೆ ಒಂದು ಪರೀಕ್ಷೆ. ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ. ಸಣ್ಣಗೆ ಟಕಟಕ ಅಂದರೆ ಹರಳು ಸಡಿಲಾಗಿದೆ. ರೇಷ್ಮೆ ಬಟ್ಟೆಯ ಮೇಲೆ ನವಿರಾಗಿ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಹಲ್ಲು ಎದ್ದಿದೆ. ಮನೆಯಲ್ಲಿ ಇಕ್ಕಳದಿಂದ ಒತ್ತುವ ಸಾಹಸ ಬೇಡ, ಪತ್ತಾರರ ಕೈಗೆ ಕೊಡಿ. ಕೊಡುವ ಮೊದಲು, ತರುವಾಗ, ಎರಡು ಸಲವೂ ನಿಮ್ಮೆದುರೇ ತೂಗಿಸಿ. ಒಳಬದಿಯ ಹಾಲ್‌ಮಾರ್ಕ್‌ನ 6 ಅಕ್ಷರ-ಅಂಕಿಗಳನ್ನು ಬರೆದಿಟ್ಟುಕೊಂಡರೆ ಉಂಗುರ ಅದೇ ಎಂಬುದು ಖಾತ್ರಿ. ಬಿಳಿ ಬಂಗಾರ ಹಳದಿಯಾಗುತ್ತಿದ್ದರೆ ಅದು ಕೊಳೆಯಲ್ಲ, ಮೇಲಿನ ರೋಡಿಯಮ್ ಎಂಬ ಬಿಳಿ ಲೋಹದ ಲೇಪ ಸವೆದದ್ದು. ಎಷ್ಟು ತಿಕ್ಕಿದರೂ ಹೋಗದು, ಮತ್ತೆ ಲೇಪ ಹಾಕಿಸಬೇಕು. ಮನೆ ಬಾಗಿಲಿಗೆ ಬಂದು ‘ಬಂಗಾರ ಪಾಲಿಶ್’ ಅನ್ನುವವರಿಗೆ ಮಾತ್ರ ಕೊಡಬೇಡಿ. ಅವರ ಬಾಟ್ಲಿಯಲ್ಲಿ ಬಂಗಾರವನ್ನೇ ಕರಗಿಸುವ ತೇಜಾಬು ಇರಬಹುದು. ಉಂಗುರ ಫಳಫಳ ಅನ್ನುತ್ತದೆ, ತೂಕ ಇಳಿದಿರುತ್ತದೆ.

ತಿಂಗಳಿಗೊಮ್ಮೆ ತೊಳೆದರೆ ಸಾಕು, ಆದರೆ ರೊಟ್ಟಿ ಬಡಿಯುವ ಮನೆಯಲ್ಲಿ ಅಷ್ಟು ಸಾಲದು. ಬಿಸಿನೀರಿನ ಹಿಟ್ಟು ಹರಳಿನಡಿ ಹೊಕ್ಕು ಒಣಗಿ ಗಟ್ಟಿಯಾಗುತ್ತದೆ, ಬಡಿತಕ್ಕೆ ಹಲ್ಲು ಬಾಗುತ್ತದೆ, ಉಂಗುರದ ದುಂಡೂ ಕೆಡುತ್ತದೆ. ಹಿಟ್ಟು ನಾದುವ ಮುಂಚೆಯೇ ತೆಗೆಯಿರಿ. ತೆಗೆದದ್ದನ್ನು ಸಿಂಕಿನ ಅಂಚಿನಲ್ಲೋ ಬೇರೆ ಒಡವೆಯ ಜೊತೆಗೋ ಇಡಬೇಡಿ, ವಜ್ರ ಪಕ್ಕದ ಬಂಗಾರವನ್ನು ಗೀರುತ್ತದೆ. ಅಡುಗೆಮನೆಯ ಮಾಡದಲ್ಲಿ ಮುಚ್ಚಳವಿರುವ ಪುಟ್ಟ ಡಬ್ಬಿಯೊಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ.