ಬೀದರಿನ ಕೆಂಪು ಮಣ್ಣು, ಕಲಬುರಗಿಯ ಎರೆ: ಆಲ್ಬಂ ಮುಖಪುಟಕ್ಕೆ ಮಂಗಳ ಗ್ರಹ ಕಟ್ಟುವ ಬಗೆ

ಎಲ್‌ಪಿ ರೆಕಾರ್ಡಿನ ಹೊದಿಕೆ ಸುಮಾರು 315 ಮಿ.ಮೀ. ಚೌಕ. ಇಂಚಿಗೆ 300 ಚುಕ್ಕೆಯಂತೆ ಒಂದು ಬದಿಗೆ 3,720 ಪಿಕ್ಸೆಲ್. ಕತ್ತರಿಸುವ ಅಂಚಿಗೆ ಸುತ್ತ 3 ಮಿ.ಮೀ. ಸೇರಿಸಿದರೆ 3,800ರ ಹತ್ತಿರ. ಈ ಗಾತ್ರದಲ್ಲಿ ಅಚ್ಚಾದಾಗ ಮಾದರಿಯ ಮೇಲಿನ ಬೆರಳ ಗುರುತೂ ಕಾಣುತ್ತದೆ. ಎಪ್ಪತ್ತರ ದಶಕದ ಮುಖಪುಟಗಳ ಗತ್ತು ಬೇಕೆಂದರೆ ನೆಲ, ಬಂಡೆ, ಬಾಹ್ಯಾಕಾಶ ನೌಕೆ ಮೂರನ್ನೂ ಕೈಯಲ್ಲಿ ಕಟ್ಟಿ ಫೋಟೊ ತೆಗೆದು, ಅದರ ಮೇಲೆ ಬಣ್ಣ ಹಚ್ಚುವುದೇ ನನ್ನ ದಾರಿ.

ನಾನು ಹಿಡಿಯುವ ಅಳತೆ 1:144, ಅಂದರೆ ನಿಜದ ಗಾತ್ರದ 144ನೇ ಒಂದು ಭಾಗ. ಇದರಲ್ಲಿ ಮನುಷ್ಯನ ಎತ್ತರ 12 ಮಿ.ಮೀ. ಅರ್ಧ ಮಿ.ಮೀ. ಮರಳಿನ ಕಾಳು 7 ಸೆಂ.ಮೀ. ಕಲ್ಲಾಗುತ್ತದೆ. ಮಾದರಿ ಆಟಿಕೆಯಂತೆ ಕಾಣುವುದು ಬಹಳ ಸಲ ಈ ಕಾಳಿನಿಂದಲೇ.

ಮಂಗಳದ ನೆಲಕ್ಕೆ ಬೀದರಿನ ಜಂಬಿಟ್ಟಿಗೆ ಮಣ್ಣಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಎರಡರ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಕಾರಣ, ಹಾಗಾಗಿ ಬಣ್ಣ ಬೆರೆಸುವ ಕೆಲಸವೇ ಇಲ್ಲ. ಕುಟ್ಟಿ, ಹಳೆಯ ತವೆಯ ಮೇಲೆ ಹುರಿದು ತೇವ ತೆಗೆದು, ಮೊದಲು ಚಹಾ ಸೋಸುವ ಜರಡಿಯಲ್ಲಿ, ಆಮೇಲೆ ಎರಡು ಮಡಿಕೆ ಮಲ್ ಬಟ್ಟೆಯಲ್ಲಿ ಜಾಲಿಸಬೇಕು. 60 ಸೆಂ.ಮೀ. ಚೌಕದ, 5 ಮಿ.ಮೀ. ದಪ್ಪದ ಸನ್‌ಬೋರ್ಡಿಗೆ (ಹಗುರ ಫೋಮ್ ಹಲಗೆ) ಫೆವಿಕಾಲ್ ಮತ್ತು ನೀರು ಸಮ ಪ್ರಮಾಣದಲ್ಲಿ ಬಳಿದು, ಕ್ಯಾಮೆರಾ ಹತ್ತಿರ ದಪ್ಪ ಕಾಳು, ಹಿಂದೆ ಹೋದಂತೆ ನುಣುಪು ಮಣ್ಣು ಉದುರಿಸಿ. ಅಂಟು ಒಣಗಿದ ಮೇಲೂ ಮಣ್ಣಿನ ಬಣ್ಣ ಗಾಢವಾಗಿಯೇ ಉಳಿಯುತ್ತದೆ. ಕೊನೆಗೆ ಅಂಟಿಲ್ಲದೆ ಒಂದು ಪದರ ಒಣ ಮಣ್ಣು ಬೀಳಲೇಬೇಕು.

ಒಣಗಿದ ಸರೋವರಕ್ಕೆ ಕಲಬುರಗಿಯ ಎರೆಮಣ್ಣು. ನೀರಲ್ಲಿ ಕಲಸಿ ಹರವಿ ಬಿಟ್ಟರೆ ಅದೇ ಬಿರಿಯುತ್ತದೆ, ಯಾವ ಬ್ರಶ್ಶೂ ಅಂಥ ಗೆರೆ ಎಳೆಯಲಾರದು. ಪದರ ತೆಳುವಾದಷ್ಟು ಬಿರುಕುಗಳು ಒತ್ತೊತ್ತಾಗಿ ಬೀಳುತ್ತವೆ; ಆದ್ದರಿಂದ 2–3 ಮಿ.ಮೀ. ಮೀರಬೇಡಿ. ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಹೆಂಟೆಗಳ ಅಂಚು ಮೇಲೇಳುತ್ತದೆ. ಬೋರ್ಡನ್ನು ಮೊದಲೇ ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿರಬೇಕು, ಇಲ್ಲವಾದರೆ ಇಡೀ ಪದರ ಕಿತ್ತು ಬರುತ್ತದೆ. ಬೆಟ್ಟಕ್ಕೆ ಶಹಾಬಾದ ಫರ್ಸಿಯ ಒಡೆದ ಚೂರುಗಳು ಸಾಕು. ಎಲ್ಲ ಚೂರುಗಳ ಪದರವೂ ಅಡ್ಡಕ್ಕೇ ಇರಲಿ.

ನೌಕೆಗೆ 3 ಮಿ.ಮೀ. ಸನ್‌ಬೋರ್ಡ್, ಪೆನ್ನಿನ ಕೊಳವೆ, ಖಾಲಿ ಮಾತ್ರೆ ಪಟ್ಟಿ, ಕೆಟ್ಟ ರೇಡಿಯೊದ ಸರ್ಕ್ಯೂಟ್ ಬೋರ್ಡ್. ಚೂರುಗಳನ್ನು ಮೈಯ ಮೂರನೇ ಒಂದು ಭಾಗದಲ್ಲಿ ಗುಂಪಾಗಿಸಿ, ಉಳಿದದ್ದನ್ನು ಬೋಳು ಬಿಡಿ. ಕಣ್ಣಿಗೆ ಗಾತ್ರ ಗೊತ್ತಾಗುವುದು ಆ ಬೋಳು ಜಾಗದಿಂದ. ಥರ್ಮಾಕೋಲ್ ಬೇಡ, ಸ್ಪ್ರೇ ಬಣ್ಣದ ದ್ರಾವಕಕ್ಕೆ ಅದು ಕರಗುತ್ತದೆ. ಫೆವಿಕ್ವಿಕ್ ಹೆಚ್ಚಾದರೆ ಸುತ್ತ ಬಿಳಿ ಬೂಷ್ಟಿನಂತೆ ಕೂರುತ್ತದೆ, ಬಣ್ಣಕ್ಕೂ ಮೊದಲು ಹೊಡೆಯುವ ತಳಪದರ, ಅಂದರೆ ಪ್ರೈಮರ್, ಅದನ್ನು ಮುಚ್ಚುತ್ತದೆ. ಬಣ್ಣ ಮಾತ್ರ ಹೊಳಪಿಲ್ಲದ್ದೇ ಆಗಬೇಕು. ಬಿದರಿ ಹೂಜಿಯಲ್ಲಿ ಬೆಳ್ಳಿ ಎದ್ದು ಕಾಣುವುದು ಮಂಕು ಕಪ್ಪಿನ ಮೇಲೆ ಕೂತದ್ದರಿಂದ.

ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಲಿಗೆ ಸ್ಪ್ರೇ ಪ್ರೈಮರ್ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ. ನಸುಕಿನಲ್ಲಿ, 15–20 ಸೆಂ.ಮೀ. ದೂರದಿಂದ, ಎರಡು ಮೂರು ತೆಳು ಪದರ ಹೊಡೆಯಿರಿ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ಶಿನ ಸೂಜಿಯ ತುದಿಯಲ್ಲಿ ಅಕ್ರಿಲಿಕ್ ಗಟ್ಟಿಯಾದರೆ ಚಮಚ ಬಣ್ಣಕ್ಕೆ ಒಂದೆರಡು ಹನಿ ಗ್ಲಿಸರಿನ್. ಹೆಚ್ಚಾದರೆ ಜಿಗುಟು ಹೋಗುವುದಿಲ್ಲ.

ಬೆಳಕು ಒಂದೇ, ಎರಡು ಮೀಟರ್ ದೂರದಲ್ಲಿ, ಬೆಳಕು ಮೆದುವಾಗಿಸುವ ಪರದೆ ಮುಂದೆ ಇಲ್ಲದೆ. ಲೆನ್ಸು ಆ 12 ಮಿ.ಮೀ. ಮನುಷ್ಯನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಮೊಬೈಲಾದರೆ ತಲೆಕೆಳಗು ಹಿಡಿದರೆ ಲೆನ್ಸು ನೆಲಕ್ಕೆ ತಾಗುತ್ತದೆ. ಕ್ಯಾಮೆರಾದಲ್ಲಿ ಐಎಸ್ಒ (ಬೆಳಕಿನ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/16 (ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಕಿರಿದು), ಸ್ಟ್ಯಾಂಡ್, ಟೈಮರ್. ಹಿನ್ನೆಲೆ ಮಸುಕಾದರೆ ಆಟಿಕೆ ಎಂದು ತಕ್ಷಣ ಗೊತ್ತಾಗುತ್ತದೆ, ಎಫ್/22 ದಾಟಿದರೆ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಕ್ಯಾಮೆರಾ ಅಲುಗಿಸದೆ ಮುಂದಿನ ದೀಪ ಆರಿಸಿ, ಹಿಂದಿನ ಬಿಳಿ ಹಾಳೆಗೆ ಬೆಳಕು ಬಿಟ್ಟು ಇನ್ನೊಂದು ಫೋಟೊ ತೆಗೆಯಿರಿ. ಆ ಕಪ್ಪು ನೆರಳಿನಿಂದ ಕಂಪ್ಯೂಟರಿನಲ್ಲಿ ನೌಕೆಯನ್ನು ಅಂಚು ತಪ್ಪದೆ ಕತ್ತರಿಸಬಹುದು.

ಆಕಾಶದ ಬಣ್ಣ ನಿಮ್ಮ ಆಯ್ಕೆ. 1976ರಲ್ಲಿ ನಾಸಾದ ವೈಕಿಂಗ್-1 ನೌಕೆ ಕಳಿಸಿದ ಮಂಗಳದ ಮೊದಲ ಬಣ್ಣದ ಚಿತ್ರವನ್ನು ನೀಲಿ ಆಕಾಶದೊಂದಿಗೇ ಬಿಡುಗಡೆ ಮಾಡಿ, ಆಮೇಲೆ ಗುಲಾಬಿ ಛಾಯೆಗೆ ಸರಿಪಡಿಸಿದರು. ಹಳೆಯ ಕಾಲದ ಕಳೆ ಬೇಕಿದ್ದರೆ ನಾನು ನೀಲಿಯನ್ನೇ ಹಿಡಿಯುತ್ತೇನೆ. ನಕ್ಷತ್ರಗಳಿಗೆ ಹಲ್ಲುಜ್ಜುವ ಬ್ರಶ್ಶಿನಿಂದ ಬಿಳಿ ಪೋಸ್ಟರ್ ಬಣ್ಣ ಸಿಡಿಸಿ. ಬಣ್ಣ ತೆಳುವಾದರೆ ಚುಕ್ಕೆ ಹರಡುತ್ತದೆ.

ಅಚ್ಚಿಗೆ ಕೊಡುವಾಗ ಬರೀ ಕಪ್ಪು ಶಾಯಿ ಶೇ. 100 ಇಟ್ಟರೂ ಬೂದುಬೂದಾಗಿ ಬರುತ್ತದೆ. ಸಯಾನ್ (ತಿಳಿನೀಲಿ) ಶೇ. 60, ಮಜೆಂಟಾ (ಕಡು ಗುಲಾಬಿ) 40, ಹಳದಿ 40 ಜೊತೆಗಿರಲಿ. ಕಂಪ್ಯೂಟರ್ ಪರದೆಯ ಮೇಲೆ ಉರಿಯುವ ಕಿತ್ತಳೆ ನಾಲ್ಕು ಬಣ್ಣದ ಅಚ್ಚಿನಲ್ಲಿ ಮಂಕಾಗುತ್ತದೆ, ಆದ್ದರಿಂದ ಅದರ ಸುತ್ತಲ ಬಣ್ಣಗಳನ್ನೇ ಇನ್ನಷ್ಟು ತಗ್ಗಿಸಿ ಒಂದು ಪ್ರೂಫ್ (ಮಾದರಿ ಅಚ್ಚು) ತೆಗೆಸಿ, ಹಗಲು ಬೆಳಕಲ್ಲಿ ನೋಡಿ.