ಇಂಗ್ಲಿಷಿನ ಆ ಒಂದು ‘ಎಸ್’

ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವರಿಗೆ ಒಂದು ಸಣ್ಣ ಉಪಾಯ. ನಿನ್ನೆ ಮಗಳು ‘ಬಾಯ್ಸ್ ಪ್ಲೇಸ್’ (boys plays) ಅಂತ ಬರೆದಿದ್ದಳು. ಬೈದು ಪ್ರಯೋಜನವಿಲ್ಲ. ಕನ್ನಡದಲ್ಲಿ ‘ಹುಡುಗರು ಆಡುತ್ತಾರೆ’, ಎರಡು ಕಡೆಯೂ ಬಹುವಚನದ ಗುರುತು. ಪೇಟೆಯಲ್ಲಿ ಕೇಳುವ ಮಲಯಾಳದಲ್ಲೋ, ಆಡುವುದು ಒಂದು ಕುಟ್ಟಿಯಾದರೂ (ಮಗು) ಹಲವು ಕುಟ್ಟಿಗಳಾದರೂ ‘ಕಳಿಕ್ಕುನ್ನು’. ಕ್ರಿಯಾಪದ ಅಲುಗುವುದೇ ಇಲ್ಲ. ಇಂಗ್ಲಿಷಿನದ್ದು ಮೂರನೇ ದಾರಿ. ವರ್ತಮಾನಕಾಲದಲ್ಲಿ ಇರುವುದು ಒಂದೇ ‘ಎಸ್’, ನಾಮಪದ ಅದನ್ನು ತಗೊಂಡರೆ ಕ್ರಿಯಾಪದಕ್ಕಿಲ್ಲ: ‘ದ ಬಾಯ್ ಪ್ಲೇಸ್, ದ ಬಾಯ್ಸ್ ಪ್ಲೇ’. ಆದರೆ ‘ಚಿಲ್ಡ್ರನ್’, ‘ಪೀಪಲ್’ ಎಸ್ ಇಲ್ಲದೆಯೂ ಬಹುವಚನ, ಕ್ರಿಯಾಪದಕ್ಕೂ ಎಸ್ ಇಲ್ಲ. ‘ನ್ಯೂಸ್’ ಎಸ್ ಇದ್ದೂ ಏಕವಚನ, ಕ್ರಿಯಾಪದಕ್ಕೂ ಎಸ್ ಬರುತ್ತದೆ. ನಾನು ಬಹಳ ಕಾಲ ಎಡವಿದ್ದು ‘ಒನ್ ಆಫ್ ದ ಬಾಯ್ಸ್’ನಲ್ಲಿ, ಅಲ್ಲಿ ಲೆಕ್ಕಕ್ಕೆ ಬರುವುದು ‘ಒನ್’, ಹಾಗಾಗಿ ‘ಪ್ಲೇಸ್’.