ಕಾಫಿ ಕಣದಲ್ಲಿ ಕೂತು ಕಲಿತ ಜರ್ಮನ್

ನಾನು ಸೋಮವಾರಪೇಟೆ ಕಡೆಯವಳು. ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮುಗಿಸಿದ ನರ್ಸ್. 2023ರಿಂದ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ರಜೆಗೆ ಊರಿಗೆ ಬಂದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, "ಏಜೆಂಟಿಗೆ ಎಷ್ಟು ಲಕ್ಷ ಕೊಟ್ರಿ?" ಭಾಷೆ ಕಲಿಯೋಕೆ ಎಷ್ಟು ದಿನ ಹಿಡಿಯಿತು ಅಂತ ಯಾರೂ ಕೇಳುವುದಿಲ್ಲ. ಆದರೆ ನನ್ನ ದಾರಿಯಲ್ಲಿ ಮುಕ್ಕಾಲು ಭಾಗ ಭಾಷೆಯೇ ಇತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಏಜೆಂಟ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಶುರುವಿನಲ್ಲಿ ಒಬ್ಬರು ನನ್ನ ಹತ್ತಿರ ನಾಲ್ಕು ಲಕ್ಷ ಕೇಳಿದರು. ಅಪ್ಪ ಆ ವರ್ಷದ ಕರಿಮೆಣಸು ಮಾರಿ ಮೊದಲ ಕಂತು ಕೊಡೋಕೆ ತಯಾರಾಗಿದ್ದರು. ನಮ್ಮ ದೇಶದ ನಿಯಮದ ಪ್ರಕಾರ ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತಗೊಳ್ಳುವಂತಿಲ್ಲ ಅಂತ ನನಗೆ ಗೊತ್ತಾಗಿದ್ದು ಅದಾದ ಮೇಲೆ. ಏಜೆಂಟ್ ನೋಂದಾಯಿತರೋ ಅಲ್ಲವೋ ಅಂತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲೇ ನೋಡಬಹುದು. ಜರ್ಮನಿ ಕಡೆಯಿಂದಲೂ ನರ್ಸ್‌ಗಳನ್ನು ಸರಿಯಾದ ರೀತಿಯಲ್ಲಿ ಕರೆಸಿಕೊಳ್ಳುವ ಸಂಸ್ಥೆಗಳಿಗೆ ಅಲ್ಲಿನ ಸರ್ಕಾರದ ಒಂದು ಗುಣಮಟ್ಟದ ಮುದ್ರೆ ಇದೆ. ಆ ಮುದ್ರೆ ಇರುವ ಕಡೆ ನೇಮಕಾತಿ ಖರ್ಚನ್ನು ಆಸ್ಪತ್ರೆಯೇ ಹಾಕಬೇಕು, ನರ್ಸ್ ಅಲ್ಲ. ನಾನು ಕೊನೆಗೆ ಹೋಗಿದ್ದು ಆ ದಾರಿಯಲ್ಲೇ. ಅಪ್ಪನ ಮೆಣಸಿನ ದುಡ್ಡು ಉಳಿಯಿತು.

ಈಗ ಭಾಷೆ. ಎ1, ಎ2, ಬಿ1, ಬಿ2 ಅಂತ ಹಂತಗಳಿವೆ. ನರ್ಸ್ ಆಗಿ ಪೂರ್ತಿ ಮಾನ್ಯತೆ ಸಿಗಬೇಕು ಅಂದ್ರೆ ಸಾಮಾನ್ಯವಾಗಿ ಬಿ2 ಬೇಕು. ನಾನು 2021ರಲ್ಲಿ ಆನ್‌ಲೈನ್ ಕ್ಲಾಸ್ ಶುರು ಮಾಡಿದೆ. ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಒಂದು ಕಲ್ಲಿದೆ, ಅದರ ಮೇಲೆ ಕೂತರೆ ಮಾತ್ರ ಎರಡು ಕಡ್ಡಿ ಬರುತ್ತಿತ್ತು. ಚಳಿಗಾಲದಲ್ಲಿ ತೊಂದರೆ ಇರಲಿಲ್ಲ, ಒಂದು ಕಡೆ ಅಮ್ಮ ಕಾಫಿ ಹರಡುತ್ತಿದ್ದರು, ಇನ್ನೊಂದು ಕಡೆ ನಾನು ಜರ್ಮನ್ ನಾಮಪದಗಳ ಮುಂದೆ ಬರುವ ಡೆರ್, ಡೀ, ಡಾಸ್ ಬಾಯಿಪಾಠ ಮಾಡುತ್ತಿದ್ದೆ. ಜೂನ್ ಬಂದ ಮೇಲೆ ಕಥೆ ಬೇರೆ. ಗೊರಬೆ ಹಾಕಿಕೊಂಡು, ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೂತರೂ ಮಳೆ ಸದ್ದಿಗೆ ಟೀಚರ್ ಮಾತು ಕೇಳುತ್ತಿರಲಿಲ್ಲ. ಕರೆಂಟ್ ಹೋದರೆ ಮೂರು ದಿನ ಬರದ ವಾರಗಳೂ ಇದ್ದವು.

ಒಂದು ವಿಷಯ ಮಾತ್ರ ಖುಷಿ ಕೊಟ್ಟಿತು. ಇಂಗ್ಲಿಷಿನಿಂದ ಜರ್ಮನ್‌ಗೆ ಹೋದರೆ ವಾಕ್ಯ ತಲೆಕೆಳಗು ಅನಿಸುತ್ತದೆ, ಕನ್ನಡದಿಂದ ಹೋದರೆ ಅಷ್ಟು ಹಾಗನಿಸುವುದಿಲ್ಲ. 'ವೈಲ್' ಅಂದರೆ 'ಯಾಕಂದ್ರೆ'. ಅದು ಬಂದ ಕೂಡಲೇ ಕ್ರಿಯಾಪದ ಕೊನೆಗೆ ಹೋಗುತ್ತದೆ. 'ಯಾಕಂದ್ರೆ ನನಗೆ ಇವತ್ತು ಬೆಳಗಿನ ಪಾಳಿ ಇದೆ' ಅಂತ ನಾವು ಹೇಳುವಾಗ 'ಇದೆ' ಎಲ್ಲಿರುತ್ತದೋ, ಅವರ ಕ್ರಿಯಾಪದವೂ ಅಲ್ಲೇ ಕೂರುತ್ತದೆ. ಇದು ಹೊಳೆದ ದಿನದಿಂದ ನಾನು ಇಂಗ್ಲಿಷಿನಲ್ಲಿ ಯೋಚಿಸಿ ಜರ್ಮನ್ ಮಾಡುವುದನ್ನು ಬಿಟ್ಟೆ. ನೇರ ಕನ್ನಡದಿಂದ ಹೋದೆ. ನೀವೂ ಹಾಗೇ ಮಾಡಿ ನೋಡಿ.

ಬಿ2 ಪರೀಕ್ಷೆಯನ್ನು ಬೆಂಗಳೂರಿನ ಇಂದಿರಾನಗರದಲ್ಲಿರುವ ಗೋಥೆ ಸಂಸ್ಥೆಯಲ್ಲಿ, ಅಂದರೆ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬರೆದೆ. ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಒಂದೊಂದರಲ್ಲೂ 100ಕ್ಕೆ 60 ಬೇಕು. ಮೊದಲ ಸಲ ಕೇಳುವ ಭಾಗದಲ್ಲಿ ನನಗೆ ಬಂದಿದ್ದು 53. ರಾತ್ರಿ ಬಸ್ಸಿನಲ್ಲಿ ಕುಶಾಲನಗರ ದಾಟುವವರೆಗೂ ಅಳುತ್ತಿದ್ದೆ. ಆದರೆ ಫೇಲಾದ ಭಾಗವನ್ನಷ್ಟೇ ಮತ್ತೆ ಬರೆಯಬಹುದು, ನಾಲ್ಕನ್ನೂ ಅಲ್ಲ. ಆಮೇಲೆ ಎರಡು ತಿಂಗಳು ದಿನಾ ಜರ್ಮನ್ ರೇಡಿಯೋ ಕೇಳಿದೆ, ಅಡುಗೆ ಮಾಡುವಾಗ, ಕಾಫಿ ಕೊಯ್ಯುವಾಗ, ಅರ್ಥ ಆದರೂ ಆಗದಿದ್ದರೂ. ಎರಡನೇ ಸಲ ಪಾಸಾಯಿತು.

ಕಾಗದಪತ್ರದಲ್ಲಿ ನನ್ನನ್ನು ಸತಾಯಿಸಿದ್ದು ಹೆಸರು. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ, ಒಂದು ಅಪ್ಪನದು, ಒಂದು ಮನೆತನದ್ದೋ ಊರಿನದ್ದೋ. ನನ್ನ ಹಳೇ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿತ್ತು. ಜರ್ಮನಿಯ ಫಾರಂ ಎಲ್ಲಾ ಕಡೆ ಸರ್‌ನೇಮ್ ಕೇಳುತ್ತದೆ. ಮೈಸೂರಿಗೆ ಓಡಾಡಿ ಪಾಸ್‌ಪೋರ್ಟ್ ಸರಿ ಮಾಡಿಸಿದೆ, ಎರಡೂ ಹೆಸರು ಒಬ್ಬಳದ್ದೇ ಅಂತ ಅಫಿಡವಿಟ್ ಮಾಡಿಸಿದೆ. ಜರ್ಮನ್ ತರಗತಿಗೆ ಸೇರುವ ದಿನವೇ ಇದನ್ನೂ ಶುರು ಮಾಡಿಕೊಳ್ಳಿ.

ಇನ್ನೊಂದು, ಕಾಲೇಜಿನಿಂದ ಓದಿನ ಗಂಟೆಗಳ ಲೆಕ್ಕ. ಜರ್ಮನಿಯಲ್ಲಿ ನರ್ಸಿಂಗ್ ತರಬೇತಿ ಅಂದರೆ 2,100 ಗಂಟೆ ಪಾಠ, 2,500 ಗಂಟೆ ಪ್ರಾಕ್ಟಿಕಲ್. ಮಾನ್ಯತೆ ಕೊಡುವ ಮುಂಚೆ ಅಲ್ಲಿನ ಅಧಿಕಾರಿಗಳು ನಮ್ಮದನ್ನು ಅದರ ಜೊತೆ ಇಟ್ಟು ಹೋಲಿಸುತ್ತಾರೆ. ಯಾವ ವಿಷಯ, ಯಾವ ವಾರ್ಡ್, ಎಷ್ಟು ಗಂಟೆ ಅಂತ ವಿವರವಾಗಿ ಬರೆಸಿಕೊಳ್ಳಬೇಕು. ನನ್ನ ಕಾಲೇಜು ಇದಕ್ಕೆ ನಾಲ್ಕು ತಿಂಗಳು ಅಲೆಸಿತು. ಅದೆಲ್ಲ ಕಳಿಸಿದ ಮೇಲೆ, ಇಂತಿಂಥ ವಿಷಯದಲ್ಲಿ ಕೊರತೆ ಇದೆ ಅಂತ ಒಂದು ಪತ್ರ ಬರುತ್ತದೆ. ಅದನ್ನು ನೋಡಿ ಗಾಬರಿ ಬೇಡ. ಭಾರತದಿಂದ ಹೋಗುವ ನಮ್ಮಲ್ಲಿ ಹೆಚ್ಚಿನವರಿಗೆ ಅದು ಬಂದೇ ಬರುತ್ತದೆ. ಅಲ್ಲಿಗೆ ಹೋಗಿ ತರಬೇತಿ ಮುಗಿಸಬೇಕು, ಇಲ್ಲವೇ ಒಂದು ಪರೀಕ್ಷೆ ಪಾಸಾಗಬೇಕು. ಅಲ್ಲಿಯವರೆಗೆ ಸಹಾಯಕಿಯಾಗಿ ಕೆಲಸ, ಸಂಬಳವೂ ಕಡಿಮೆ. ಪೂರ್ತಿ ಸಂಬಳ ಬಂದ ಮೇಲೂ ಒಂಟಿ ಇರುವವರಿಗೆ ತೆರಿಗೆ, ವಿಮೆ, ಪಿಂಚಣಿ ಅಂತ ಸುಮಾರು ಮೂರನೇ ಒಂದು ಭಾಗ ಕೈಗೆ ಬರುವ ಮೊದಲೇ ಹೋಗುತ್ತದೆ. ಯೂರೋವನ್ನು ರೂಪಾಯಿಗೆ ಗುಣಿಸುವ ಮುಂಚೆ ಇದನ್ನು ಕಳೆಯಿರಿ.

ವಾರ್ಡಿನ ಮೊದಲ ವಾರ ಮರೆಯೋಕೆ ಆಗಲ್ಲ. ನಾನು ಕಲಿತ ಜರ್ಮನ್ ಬೇರೆ, ಅಲ್ಲಿ ಅಜ್ಜ ಅಜ್ಜಿಯರು ಆಡುವುದು ಬೇರೆ. ಆ ಕಡೆ ಸ್ವಾಬಿಯನ್ ಮಾತು. 'ಸ್ವಲ್ಪ' ಅನ್ನೋಕೆ ಪುಸ್ತಕದಲ್ಲಿ 'ಬಿಸ್‌ಷೆನ್', ಅವರ ಬಾಯಲ್ಲಿ 'ಬಿಸ್‌ಲೆ'. ಮೈಸೂರು ಕನ್ನಡ ಓದಿದವರು ನಮ್ಮ ಕಡೆಯ ಅರೆಭಾಷೆ ಆಡುವ ಮನೆಗೆ ಊಟಕ್ಕೆ ಬಂದ ಹಾಗೆ.

ಅದಕ್ಕಿಂತ ಭಯ ಹುಟ್ಟಿಸಿದ್ದು ಸಂಖ್ಯೆ. ಜರ್ಮನ್‌ನಲ್ಲಿ 54 ಅನ್ನೋದನ್ನು 'ನಾಲ್ಕು ಮತ್ತು ಐವತ್ತು' ಅನ್ನುತ್ತಾರೆ. ಒಂದು ಬೆಳಿಗ್ಗೆ ಪಾಳಿ ಬದಲಾಗುವಾಗ ರಾತ್ರಿ ಪಾಳಿಯ ನರ್ಸ್, ಒಬ್ಬ ರೋಗಿಯ ಶುಗರ್ 254 ಅಂತ ಹೇಳಿದರು. ನಾನು ಬರೆದಿದ್ದು 245. ನನ್ನ ಕಾಗದ ನೋಡುತ್ತಿದ್ದ ಅವರೇ ಹಿಡಿದರು, ಬೈಯಲಿಲ್ಲ, ಪೆನ್ನು ತಗೊಂಡು ಪಕ್ಕದಲ್ಲಿ ಸರಿಯಾಗಿ ಬರೆದರು. ಅವತ್ತು ಕೈ ನಡುಗಿತು, ಯಾಕಂದ್ರೆ ಇನ್ಸುಲಿನ್ ಲೆಕ್ಕ ನಿಂತಿರುವುದೇ ಆ ಅಂಕಿ ಮೇಲೆ ಅಲ್ವಾ? ಅಂದಿನಿಂದ ಯಾವ ಸಂಖ್ಯೆ ಕೇಳಿದರೂ ಒಂದೊಂದೇ ಅಂಕಿಯಾಗಿ ತಿರುಗಿ ಹೇಳುತ್ತೇನೆ: ಎರಡು, ಐದು, ನಾಲ್ಕು. ಈಗಲೂ.

ಕೆಲಸದ ರೀತಿಯೂ ಮೊದಲೇ ಗೊತ್ತಿರಲಿ. ನಮ್ಮಲ್ಲಿ ರೋಗಿಗೆ ಸ್ನಾನ, ಊಟ, ಬಟ್ಟೆ ಎಲ್ಲ ಹೆಚ್ಚಾಗಿ ಮನೆಯವರೇ ನೋಡಿಕೊಳ್ಳುತ್ತಾರೆ. ಅಲ್ಲಿ ಅದು ನರ್ಸ್ ಕೆಲಸ. ಎಷ್ಟೋ ಕಡೆ ಕ್ಯಾನುಲಾ ಹಾಕುವುದು ಡಾಕ್ಟರ್. ಐಸಿಯುನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಬಂದ ನನ್ನ ಗೆಳತಿಗೆ ಇದು ಅವಮಾನ ಅನಿಸಿ ಆರು ತಿಂಗಳಿಗೆ ವಾಪಸ್ ಹೋದಳು. ನನಗೆ ಹಾಗನಿಸಲಿಲ್ಲ. ಬೆಳಿಗ್ಗೆ ಒಬ್ಬ ಅಜ್ಜಿಯ ಬೆನ್ನು ಒರೆಸುವಾಗ ಚರ್ಮ ಎಲ್ಲಿ ಕೆಂಪಾಗಿದೆ, ಉಸಿರು ಹೇಗಿದೆ, ಇವತ್ತು ಯಾಕೆ ಮಾತಿಲ್ಲ ಅಂತ ತಿಳಿಯುತ್ತದೆ. ನಾನು ಅತಿ ಹೆಚ್ಚು ಜರ್ಮನ್ ಕಲಿತಿದ್ದೂ ಆ ಹತ್ತು ಹತ್ತು ನಿಮಿಷಗಳಲ್ಲೇ.

ಲಗೇಜಿನಲ್ಲಿ ಮನೆ ತುಪ್ಪ, ಹಂದಿ ಮಾಂಸದ ಉಪ್ಪಿನಕಾಯಿ ಇಡಬೇಡಿ. ಹೊರದೇಶದಿಂದ ಮಾಂಸ, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ನಮ್ಮ ಕಡೆ ಅಡುಗೆಗೆ ಹಾಕುವ ಹುಳಿರಸ ಕಾಚಂಪುಳಿ ಒಂದು ಸಣ್ಣ ಬಾಟಲಿ ಚೆನ್ನಾಗಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ, ವರ್ಷ ಬರುತ್ತದೆ.

ಈಗ ನಮ್ಮ ಪಕ್ಕದ ಮನೆ ಹುಡುಗಿ ಅದೇ ಕಲ್ಲಿನ ಮೇಲೆ ಕೂತು ಕಲಿಯುತ್ತಿದ್ದಾಳೆ. ಅವಳಿಗೆ ಹೇಳಿದ್ದು ಇಷ್ಟೇ. ಅಕ್ಟೋಬರ್‌ನಲ್ಲಿ ಶುರು ಮಾಡು, ಮೇ ಮುಗಿಯುವುದರೊಳಗೆ ಎ2 ದಾಟು, ಮಳೆಗಾಲಕ್ಕೆ ಬೇಕಾದ ಪಾಠ, ಆಡಿಯೋ ಎಲ್ಲ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೋ.